ಒಂದೇ ಪೆಟ್ಟಿಗೆ, ಎರಡು ಸಂಸಾರ! ಗುಜರಿಗೆ ಹೊರಟ ಕಂಪ್ಯೂಟರಿಗೆ ಮರುಜೀವ

ನಗರದ ಬಸ್ ನಿಲ್ದಾಣದಿಂದ ಮಾರ್ಕೆಟ್ಟಿನ ತನಕ ಒಂದು ಸುತ್ತು ಬನ್ನಿ. ಕಿರಾಣಿ ಅಂಗಡಿಯ ಗಲ್ಲಾದ ಪಕ್ಕ, ಜೆರಾಕ್ಸ್ ಅಂಗಡಿಯ ಮೂಲೆ, ಗೊಬ್ಬರದ ಮಳಿಗೆಯ ಮೇಜು, ಔಷಧಿ ಅಂಗಡಿಯ ಕೌಂಟರ್... ಎಲ್ಲೆಲ್ಲೂ ಒಂದೊಂದು ಹಳೆ ಕಂಪ್ಯೂಟರ್. ವಯಸ್ಸು ಎಂಟರಿಂದ ಹನ್ನೆರಡು. ಮೈಮೇಲೆ ಧೂಳು, ಕೀಬೋರ್ಡಿನಲ್ಲಿ ಅರ್ಧ ಅಕ್ಷರ ಮಾಯ. ಬೆಳಿಗ್ಗೆ ಷಟರ್ ಎತ್ತಿ ಸ್ವಿಚ್ ಒತ್ತಿದರೆ, ಕಸ ಗುಡಿಸಿ ಊದುಬತ್ತಿ ಹಚ್ಚಿ ಬೋಣಿ ಆಗುವ ಹೊತ್ತಿಗೆ ಪರದೆ ಬೆಳಗುತ್ತದೆ.

ನಿಧಾನವಾದರೂ ಕೆಲಸ ನಡೆಯುತ್ತಿತ್ತು. ಅಷ್ಟರಲ್ಲಿ ಬಂತು 2025ರ ಅಕ್ಟೋಬರ್ 14! ಅಂದಿಗೆ ವಿಂಡೋಸ್ 10ರ ಮಾಮೂಲಿ ಆರೈಕೆಯನ್ನು ಮೈಕ್ರೋಸಾಫ್ಟ್ ಕಂಪನಿ ನಿಲ್ಲಿಸಿತು. ಕೇಳಿಕೊಂಡವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರ ತನಕ, ಭದ್ರತೆಯ ತೇಪೆ ಮಾತ್ರ ಕೊಡುವುದಾಗಿ ಹೇಳಿತು. ಅಷ್ಟೆ.

ಹಾಗೆಂದು ಮರುದಿನದಿಂದ ಕಂಪ್ಯೂಟರ್ ನಿಂತೇ ಹೋಯಿತೆ? ಇಲ್ಲ. ಬಿಲ್ ಬರುತ್ತದೆ, ಟ್ಯಾಲಿ ತೆರೆಯುತ್ತದೆ. ಆದರೆ ಬಾಗಿಲ ಬೀಗ ಸಡಿಲವಾದರೆ ಸರಿ ಮಾಡುವ ಕಮ್ಮಾರ ಇನ್ನು ಬರುವುದಿಲ್ಲ. ಕಳ್ಳರು ದಿನಕ್ಕೊಂದು ಹೊಸ ಕೀಲಿ ಕಂಡುಹಿಡಿಯುತ್ತಾರೆ, ಬೀಗ ಮಾತ್ರ ಹಳೆಯದೇ. ಅದೇ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವೂ ನಡೆಯುವುದಾದರೆ ಯೋಚಿಸಬೇಕಾದ ಮಾತೇ.

“ಹಾಗಾದ್ರೆ ವಿಂಡೋಸ್ 11 ಹಾಕ್ಬಿಡಪ್ಪ” ಎಂದರೆ, ಹಳೆ ಯಂತ್ರ ಒಪ್ಪುವುದಿಲ್ಲ. ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತೆಯ ಚಿಪ್ಪು ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ಪೀಳಿಗೆ ಅಥವಾ ಅದರ ಈಚಿನದಾಗಿರಬೇಕು. ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಅದಕ್ಕೂ ಮೊದಲು ಕೊಂಡವರ ಗತಿ? “ಸಾರ್, ಇದರ ಕಥೆ ಮುಗೀತು, ಹೊಸದು ತಗೊಂಡ್ಬಿಡಿ” ಎಂಬುದು ರಿಪೇರಿ ಅಂಗಡಿಗಳ ಸಿದ್ಧ ಉತ್ತರ.

ಕಥೆ ಮುಗಿದಿಲ್ಲ. ಹಳೆ ವಿಂಡೋಸನ್ನು ಇದ್ದಲ್ಲೇ ಬಿಟ್ಟು, ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಬಹುದು. ಅದಕ್ಕೆ ಕಾಸಿನ ಖರ್ಚೂ ಇಲ್ಲ. ಆದರೆ ಹಾಕುವಾಗ ಕೈ ತಪ್ಪಿದರೆ ಅಂಗಡಿಯ ಲೆಕ್ಕವೇ ಅಳಿಸಿಹೋಗುತ್ತದೆ. ಲಾಭ ಎಷ್ಟೋ ಎಚ್ಚರವೂ ಅಷ್ಟೇ ಬೇಕಾದ ಕೆಲಸವಿದು.

ಯಾರೀ ಹೊಸ ಅತಿಥಿ?

ಕಂಪ್ಯೂಟರಿನ ಒಳಗಿನ ಮೇಸ್ತ್ರಿಯೇ ಆಪರೇಟಿಂಗ್ ಸಿಸ್ಟಂ. ಕೀಬೋರ್ಡು, ಪ್ರಿಂಟರು, ಪರದೆ ಎಲ್ಲರಿಗೂ ಕೆಲಸ ಹಂಚುವುದು ಅದೇ. ವಿಂಡೋಸ್ ಒಬ್ಬ ಮೇಸ್ತ್ರಿ. ಇನ್ನೊಬ್ಬನ ಹೆಸರು ಲಿನಕ್ಸ್.

1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ 21ರ ಹುಡುಗ ಇದನ್ನು ಬರೆಯಲು ಶುರು ಮಾಡಿದ. ಬರೆದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಿ ಎಂದ. ಲೋಕದ ಸಾವಿರಾರು ಜನ ಕೈ ಹಾಕಿದರು. ಇವತ್ತು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಆಂಡ್ರಾಯ್ಡ್ ಮೊಬೈಲ್ ಉಜ್ಜುವವರ ಅಂಗೈಯಲ್ಲಿ ಇರುವುದೂ ಅದೇ ಲಿನಕ್ಸಿನ ತಿರುಳು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ 2000ದ ದಶಕದಲ್ಲೇ ಇದರ ಕಡೆ ಹೊರಳಿತು. ಹೆಸರು ಕೇಳಿ ಹೆದರಬೇಕಾಗಿಲ್ಲ.

ಲಿನಕ್ಸಿನಲ್ಲಿ ಹಲವು ತಳಿಗಳು. ವಿಂಡೋಸ್ ಬಳಸಿ ಅಭ್ಯಾಸವಾದವರಿಗೆ ಲಿನಕ್ಸ್ ಮಿಂಟ್ ಹತ್ತಿರದ್ದು. ಕೆಳಗೆ ಪಟ್ಟಿ, ಎಡಗಡೆ ಮೆನು, ಮನೆಯ ವಾಸ್ತು ಅದೇ ಥರ. ಅದಕ್ಕೆ ಕನಿಷ್ಠ 2 ಜಿ.ಬಿ. ರ್‍ಯಾಮ್ ಸಾಕು, 4 ಇದ್ದರೆ ಚೆನ್ನ. ಡಿಸ್ಕಿನಲ್ಲಿ ಕನಿಷ್ಠ 20 ಜಿ.ಬಿ. ಜಾಗ ಬೇಕು, 100 ಇದ್ದರೆ ಆರಾಮ. ರ್‍ಯಾಮ್ ಕಡಿಮೆಯಿದ್ದವರು ಅದರಲ್ಲೇ ‘ಎಕ್ಸ್‌ಎಫ್‌ಸಿಇ’ ಎಂಬ ಹಗುರ ಮಾದರಿ ಆರಿಸಿಕೊಳ್ಳಬಹುದು. 2024ರಲ್ಲಿ ಬಂದ 22ನೇ ಆವೃತ್ತಿಗೆ 2029ರ ತನಕ ತೇಪೆ ಸಿಗುತ್ತದೆ.

ಹಳಬನನ್ನೇಕೆ ಓಡಿಸಬಾರದು?

“ಅಷ್ಟು ಚೆನ್ನಾಗಿದ್ರೆ ವಿಂಡೋಸ್ ತೆಗ್ದೇ ಹಾಕಿ” ಎನ್ನುವ ಅವಸರ ಬೇಡ. ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ನುಡಿ ತಂತ್ರಾಂಶವೂ ಹಾಗೆಯೇ. ಕಂಪನಿ ನಡೆಸುವವರು ಜಿ.ಎಸ್‌.ಟಿ.ಗೆ ಬಳಸುವ ಡಿಜಿಟಲ್ ಸಹಿಯ ಟೋಕನ್ ವಿಂಡೋಸಿನಲ್ಲಿ ಸಲೀಸು, ಲಿನಕ್ಸಿನಲ್ಲಿ ತಕರಾರು ಮಾಡುವುದುಂಟು. ಬಿಲ್ಲಿಂಗ್ ತಂತ್ರಾಂಶ ಬರೆದುಕೊಟ್ಟವರು ವಿಂಡೋಸ್ ಬಿಟ್ಟು ಬೇರೆ ನೋಡಿಯೇ ಇರುವುದಿಲ್ಲ.

ಆದ್ದರಿಂದ ಇಬ್ಬರೂ ಇರಲಿ. ಇಂಟರ್ನೆಟ್ ಹಾದಿಯ ಕೆಲಸವೆಲ್ಲ ಲಿನಕ್ಸಿಗೆ: ಬ್ಯಾಂಕ್, ಇ-ಮೇಲ್, ಪಹಣಿ, ರೈಲ್ವೆ ಟಿಕೆಟ್ಟು. ಸ್ವಂತ ಅಂಗಡಿಯವರು ಮೊಬೈಲಿಗೆ ಬರುವ ಓ.ಟಿ.ಪಿ. ಒತ್ತಿ ಸಲ್ಲಿಸುವ ಜಿ.ಎಸ್‌.ಟಿ. ರಿಟರ್ನ್ ಕೂಡ. ವಿಂಡೋಸಿಗೆ ಟ್ಯಾಲಿ ಮತ್ತು ಬಿಲ್ಲು ಮಾತ್ರ. ಆ ಹೊತ್ತಿನಲ್ಲಿ ಅಗತ್ಯವಿಲ್ಲದಿದ್ದರೆ ಇಂಟರ್ನೆಟ್ಟಿನ ತಂತಿ ಕಿತ್ತಿಟ್ಟರೆ ಒಳ್ಳೆಯದು. ಇದು ಮುಖ್ಯ. ಪಕ್ಕದಲ್ಲಿ ಲಿನಕ್ಸ್ ಬಂದು ಕೂತ ಮಾತ್ರಕ್ಕೆ ಹಳೆ ವಿಂಡೋಸಿನ ಸಡಿಲ ಬೀಗ ತಾನಾಗಿ ಬಿಗಿಯಾಗುವುದಿಲ್ಲ!

ಕನ್ನಡದ ಗತಿಯೇನು? ಚಿಂತೆಯಿಲ್ಲ. ಯುನಿಕೋಡ್ ಕನ್ನಡ ಲಿನಕ್ಸಿನಲ್ಲಿ ಸರಾಗ. ನುಡಿಯಲ್ಲಿ ಟೈಪ್ ಮಾಡಿ ಕೈ ಪಳಗಿದವರಿಗೆ ಕೆ.ಪಿ. ರಾವ್ ರೂಪಿಸಿದ ಅದೇ ಕೀಲಿಮಣೆಯ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟ ಕಡತ ಇಲ್ಲಿ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ಅದನ್ನು ಯುನಿಕೋಡಿಗೆ ತಿರುಗಿಸುವ ತಂತ್ರಾಂಶಗಳಿವೆ. ಇಲ್ಲವೇ ವಿಂಡೋಸಿನಲ್ಲೇ ತೆರೆದರಾಯಿತು.

ಪಾಲು ಮಾಡುವ ಮುಂಚೆ ಪತ್ರ ಭದ್ರ

ಅಣ್ಣತಮ್ಮಂದಿರು ಒಂದು ಮಳಿಗೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಬಾಗಿಲು ಇಡುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ ನಡೆಯುವುದೂ ಅದೇ ಪಾಲು. ವಿಂಡೋಸಿನ ಜಾಗ ಕುಗ್ಗಿಸಿ, ಉಳಿದದ್ದನ್ನು ಲಿನಕ್ಸಿಗೆ ಬಿಡುವುದು. ಗೋಡೆ ಎಬ್ಬಿಸುವಾಗ ಕಪಾಟಿನ ಸಾಮಾನು ಒಡೆಯಬಾರದಲ್ಲ?

ಇಲ್ಲಿದೆ ಅಪಾಯ. ಲಿನಕ್ಸ್ ಹಾಕುವಾಗ ಪರದೆಯ ಮೇಲೆ ಎರಡು ಸಾಲು ಒಂದರ ಕೆಳಗೊಂದು ಬರುತ್ತವೆ. ಒಂದು, ‘ಇನ್‌ಸ್ಟಾಲ್ ಅಲಾಂಗ್‌ಸೈಡ್’, ಅಂದರೆ ಇದ್ದವನ ಪಕ್ಕದಲ್ಲಿ ಕೂರಿಸು. ಇನ್ನೊಂದು, ‘ಇರೇಸ್ ಡಿಸ್ಕ್’, ಅಂದರೆ ಇದ್ದದ್ದನ್ನೆಲ್ಲ ಅಳಿಸು! ಎರಡನೆಯದನ್ನು ಒತ್ತಿ ಮುಂದುವರಿದರೆ ಉದ್ರಿ ಖಾತೆ, ಸ್ಟಾಕು, ಮಗಳ ಮದುವೆಯ ಫೋಟೋ ಎಲ್ಲ ಗೋವಿಂದ. ನೆನಪಿರಲಿ: ಜಿ.ಎಸ್‌.ಟಿ. ಕಾಯ್ದೆಯಂತೆ ಲೆಕ್ಕದ ಪುಸ್ತಕವನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು, ಅಂದರೆ ಆರು ವರ್ಷ, ಕಾಪಾಡಬೇಕು. “ಕಂಪ್ಯೂಟರ್ ಹುಡುಗ ಅಳಿಸಿಬಿಟ್ಟ ಸ್ವಾಮಿ” ಎಂಬ ಉತ್ತರವನ್ನು ಅಧಿಕಾರಿಗಳು ಕೇಳುವುದಿಲ್ಲ.

ಹಾಗಾಗಿ ಮೊದಲ ಕೆಲಸ ಪ್ರತಿ ತೆಗೆಯುವುದು. ಒಂದಲ್ಲ, ಎರಡು ಕಡೆ. ಟ್ಯಾಲಿಯ ಡೇಟಾ ಡೆಸ್ಕ್‌ಟಾಪಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇರುವುದಿಲ್ಲ, ಅದರದೇ ಫೋಲ್ಡರಿನಲ್ಲಿ ಅಡಗಿರುತ್ತದೆ. ಟ್ಯಾಲಿಯ ಒಳಗೇ ಇರುವ ಬ್ಯಾಕಪ್ ಬಳಸಿ. ತೆಗೆದ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಕಳೆದ ವಾರದ ಒಂದು ಬಿಲ್ಲು ಕಾಣುತ್ತದೋ ಇಲ್ಲವೋ ನೋಡಿ. ತೆರೆದು ನೋಡದ ಬ್ಯಾಕಪ್ಪು, ಎಣಿಸದೆ ಜೇಬಿಗಿಟ್ಟ ಚಿಲ್ಲರೆ ಎರಡೂ ಒಂದೇ.

ಮದುವೆಗೆ ಮುಂಚೆ ಹೆಣ್ಣು ನೋಡುವ ಶಾಸ್ತ್ರ

ಲಿನಕ್ಸಿನ ಒಂದು ಸೊಗಸೆಂದರೆ, ಹಾಕಿಕೊಳ್ಳುವ ಮುಂಚೆ ಚಲಾಯಿಸಿ ನೋಡಬಹುದು. ಮಿಂಟಿನ ಕಡತ ಸುಮಾರು 3 ಜಿ.ಬಿ. ಅದರದೇ ತಾಣದಿಂದ ಇಳಿಸಿಕೊಂಡು, ರೂಫಸ್ ಅಥವಾ ಎಚರ್ ಎಂಬ ಉಚಿತ ಸಾಧನದಿಂದ 8 ಜಿ.ಬಿ.ಯ ಪೆನ್‌ಡ್ರೈವಿಗೆ ತುಂಬಬೇಕು. (ಪೆನ್‌ಡ್ರೈವಿನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ, ಹುಷಾರ್!) ಕಂಪ್ಯೂಟರ್ ಹತ್ತುವಾಗ ಎಫ್12, ಎಸ್ಕೇಪ್ ಅಥವಾ ಎಫ್2 ಕೀಲಿ ಒತ್ತಿ ಪೆನ್‌ಡ್ರೈವಿನಿಂದ ಹತ್ತಿಸಿದರೆ ಲಿನಕ್ಸ್ ಎದುರಿಗೆ ಬಂದು ನಿಲ್ಲುತ್ತದೆ. ಇನ್‌ಸ್ಟಾಲ್ ಒತ್ತುವ ತನಕ ಹಾರ್ಡ್ ಡಿಸ್ಕಿನ ಒಂದಕ್ಷರವೂ ಬದಲಾಗುವುದಿಲ್ಲ.

ಆಗ ಪರೀಕ್ಷೆ ಮಾಡಿ. ವೈಫೈ ಹಿಡಿಯುತ್ತದೆಯೆ? ಸದ್ದು ಬರುತ್ತದೆಯೆ? ಎಲ್ಲಕ್ಕಿಂತ ಮಿಗಿಲಾಗಿ, ಪ್ರಿಂಟರ್ ಒಂದು ಹಾಳೆ ಉಗುಳುತ್ತದೆಯೆ? ಕೆಲವು ಹಳೆ ಲೇಸರ್ ಪ್ರಿಂಟರುಗಳು ಲಿನಕ್ಸಿನ ಮಾತು ಕೇಳುವುದಿಲ್ಲ. ಜೆರಾಕ್ಸ್ ಅಂಗಡಿಯವರಿಗೆ ಅದೇ ಜೀವಾಳ. ಬರದಿದ್ದರೆ ಪೆನ್‌ಡ್ರೈವ್ ಕಿತ್ತು ಕಂಪ್ಯೂಟರನ್ನು ಮತ್ತೆ ಹತ್ತಿಸಿ. ಹಳೆ ವಿಂಡೋಸ್ ಎಂದಿನಂತೆ ಬರುತ್ತದೆ. ನಷ್ಟ ಒಂದು ಗಂಟೆ ಅಷ್ಟೆ. ಪೆನ್‌ಡ್ರೈವಿನಿಂದ ಓಡುವಾಗ ನಿಧಾನವೆನಿಸುತ್ತದೆ, ಅದನ್ನು ನೋಡಿ ತಿರಸ್ಕರಿಸಬೇಡಿ.

ಗೋಡೆ ಎಬ್ಬಿಸುವ ದಿನ

ಪರೀಕ್ಷೆ ಪಾಸಾಯಿತೆನ್ನಿ. ಅಂಗಡಿ ರಜೆಯ ದಿನ ಕೆಲಸ ಇಟ್ಟುಕೊಳ್ಳಿ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಯಾರೂ ಹೇಳಲಾರರು. ಡಿಸ್ಕ್ ಕುಗ್ಗಿಸುವ ನಡುವೆ ಕರೆಂಟು ಹೋದರೆ ಎರಡೂ ಪಾಲು ಕೆಡಬಹುದು. ಯು.ಪಿ.ಎಸ್‌. ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಲ್ಯಾಪ್‌ಟಾಪಿನವರು ಬ್ಯಾಟರಿ ತುಂಬಿಸಿ, ಚಾರ್ಜರ್ ಸಿಕ್ಕಿಸಿಯೇ ಕೂರಬೇಕು.

ಮೊದಲು ವಿಂಡೋಸಿನಲ್ಲೇ ಎರಡು ಕೆಲಸ. ‘ಫಾಸ್ಟ್ ಸ್ಟಾರ್ಟಪ್’ ಎಂಬುದನ್ನು ಆರಿಸಬೇಕು. ಅದು ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಡಿಸ್ಕನ್ನು ಹಿಡಿದುಕೊಂಡೇ ಇರುತ್ತದೆ. ಎರಡನೆಯದು, ಬಿಟ್‌ಲಾಕರ್ ಎಂಬ ಗುಪ್ತಬೀಗ ಹಾಕಿದೆಯೇ ನೋಡಬೇಕು. ಹಾಕಿದ್ದರೆ ಅದರ 48 ಅಂಕಿಯ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು. ಅದಿಲ್ಲದಿದ್ದರೆ ವಿಂಡೋಸ್ ತನ್ನ ಯಜಮಾನನನ್ನೇ ಒಳಗೆ ಬಿಡದಿರಬಹುದು. ಆಮೇಲೆ ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಲ್ಲಿ ಜಾಗ ಕುಗ್ಗಿಸಿ, ಪೆನ್‌ಡ್ರೈವಿನಿಂದ ಲಿನಕ್ಸ್ ಹತ್ತಿಸಿ, ‘ಅಲಾಂಗ್‌ಸೈಡ್’ ಸಾಲು ಒತ್ತಬೇಕು. ಅನುಮಾನ ಬಂದರೆ ಅಲ್ಲೇ ನಿಲ್ಲಿಸುವುದು ಜಾಣತನ.

ಮುಗಿದ ಮೇಲೆ ಕಂಪ್ಯೂಟರ್ ಹತ್ತಿದಾಗಲೆಲ್ಲ ಒಂದು ಪಟ್ಟಿ ಕೇಳುತ್ತದೆ: ಯಾರು ಬೇಕು, ಲಿನಕ್ಸೋ ವಿಂಡೋಸೋ? ಕೆಲವು ಸೆಕೆಂಡು ಕಾದು, ಯಾರೂ ಒತ್ತದಿದ್ದರೆ ಲಿನಕ್ಸಿಗೇ ಹೋಗುತ್ತದೆ. ಇಬ್ಬರೂ ಒಟ್ಟಿಗೆ ಕೆಲಸ ಮಾಡುವುದಿಲ್ಲ, ಒಬ್ಬ ಎದ್ದರೆ ಇನ್ನೊಬ್ಬ ಮಲಗಿರುತ್ತಾನೆ.

ಒಂದು ತಮಾಷೆಯೂ ಉಂಟು. ಲಿನಕ್ಸ್ ಬಳಸಿ ವಿಂಡೋಸಿಗೆ ಬಂದರೆ ಕೆಲವೊಮ್ಮೆ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ! ದೆವ್ವವೂ ಅಲ್ಲ, ವೈರಸ್ಸೂ ಅಲ್ಲ. ಲಿನಕ್ಸ್ ಒಳಗಿನ ಗಡಿಯಾರವನ್ನು ಲೋಕದ ಸಾಮಾನ್ಯ ಕಾಲಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಊರಿನ ಕಾಲವೆಂದು ಓದುತ್ತದೆ. ಭಾರತದ ಕಾಲ ಐದೂವರೆ ಗಂಟೆ ಮುಂದೆ, ಅದೇ ವ್ಯತ್ಯಾಸ. ಲಿನಕ್ಸಿನಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟರೆ ಸರಿಹೋಗುತ್ತದೆ. ಸರಿ ಮಾಡದಿದ್ದರೆ ಸಂಜೆಯ ಬಿಲ್ಲಿನ ಮೇಲೆ ಮಧ್ಯಾಹ್ನದ ಹೊತ್ತು ಬೀಳುತ್ತದೆ.

ಗೋಡೆಯೇ ಬೇಡವೆಂದರೆ?

ಎದೆ ಗಟ್ಟಿಯಿಲ್ಲದವರಿಗೆ ಇನ್ನೊಂದು ದಾರಿ. ಹಳೆ ಡಿಸ್ಕ್ ಮುಟ್ಟುವುದೇ ಬೇಡ. ಬೇರೊಂದು ಎಸ್‌.ಎಸ್‌.ಡಿ. ತಂದು, ಹಳೆಯದರ ತಂತಿ ಬಿಡಿಸಿಟ್ಟು, ಹೊಸದರ ಮೇಲೆ ಲಿನಕ್ಸ್ ಹಾಕಿ, ಆಮೇಲೆ ಎರಡನ್ನೂ ಜೋಡಿಸುವುದು. ತಂತಿ ಬಿಡಿಸಿಟ್ಟ ಡಿಸ್ಕಿನ ಲೆಕ್ಕವನ್ನು ಯಾರೂ ಅಳಿಸಲಾರರು. ತಿರುಗುವ ತಟ್ಟೆಯಿಲ್ಲದ ಎಸ್‌.ಎಸ್‌.ಡಿ. ಹಳೆ ಹಾರ್ಡ್ ಡಿಸ್ಕಿಗಿಂತ ಬಹಳ ಚುರುಕು. ಹಳೆ ಕಂಪ್ಯೂಟರ್ ಏದುಸಿರು ಬಿಡುವುದಕ್ಕೆ ಅನೇಕ ಸಲ ಆ ತಟ್ಟೆಯೇ ಕಾರಣ.

ಎಲ್ಲವನ್ನೂ ತಾವೇ ಮಾಡಬೇಕೆಂದಿಲ್ಲ. ಲಿನಕ್ಸ್ ಪುಕ್ಕಟೆ, ಆದರೆ ರಿಪೇರಿ ಹುಡುಗನ ದುಡಿಮೆ ಪುಕ್ಕಟೆಯಲ್ಲ. ಕೂಲಿ ಕೊಟ್ಟೇ ಮಾಡಿಸಿ. ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿ: “ಬ್ಯಾಕಪ್ ತೆಗ್ದು ತೋರಿಸ್ತೀಯಾ? ಪ್ರಿಂಟರ್ ಓಡಿಸಿ ನೋಡಿದ್ಯಾ? ವಿಂಡೋಸ್ ಹಾಗೇ ಉಳಿಯುತ್ತಾ?” ಮೂರಕ್ಕೂ ಉತ್ತರ ಕೊಡದೆ “ಫಾರ್ಮ್ಯಾಟ್ ಮಾಡ್ಬಿಡೋಣ ಸಾರ್” ಎನ್ನುವವನ ಕೈಗೆ ಕಂಪ್ಯೂಟರ್ ಕೊಡಬೇಡಿ.

ಗುಜರಿಯವನು ತೂಕಕ್ಕೆ ಕೊಳ್ಳುವ ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕೈದು ವರ್ಷದ ದುಡಿಮೆ ಉಳಿದಿರಬಹುದು. ಪ್ರತಿ ಅಂಗಡಿಯವನೂ ಒಬ್ಬೊಬ್ಬನೇ ಹೆಣಗುವ ಬದಲು, ವರ್ತಕರ ಸಂಘದವರೂ ಪಾಲಿಟೆಕ್ನಿಕ್, ಐ.ಟಿ.ಐ.ಗಳ ಹುಡುಗರೂ ಸೇರಿ ಒಂದು ಭಾನುವಾರ ಶಿಬಿರ ನಡೆಸಿದರೆ ಹತ್ತಾರು ಅಂಗಡಿಗಳ ಖರ್ಚು ಉಳಿದೀತು, ಹುಡುಗರಿಗೂ ಕೈಕೆಲಸ ಕಲಿತಂತಾದೀತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ?