ಬಾಣಂತಿಯ ಕೂದಲು ಉದುರುವುದೇಕೆ?

ಹೆರಿಗೆಯಾಗಿ ಮೂರು ತಿಂಗಳು ಕಳೆಯುತ್ತಿದ್ದಂತೆ ಅನೇಕ ತಾಯಂದಿರಿಗೆ ಹೊಸದೊಂದು ಚಿಂತೆ ಆರಂಭವಾಗುತ್ತದೆ. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ತಲೆಗೆ ನೀರು ಹಾಕಿಕೊಂಡರೆ ಬಚ್ಚಲಿನ ಬಾಯಿ ಕಟ್ಟುವಷ್ಟು ಕೂದಲು. ದಿಂಬಿನ ಮೇಲೆ, ಸೆರಗಿನ ಮೇಲೆ, ಮಗುವಿನ ಮುಷ್ಟಿಯೊಳಗೆ ಕೂದಲು. ಗರ್ಭಿಣಿಯಾಗಿದ್ದಾಗ ಹಿಂದೆಂದಿಗಿಂತಲೂ ದಟ್ಟವಾಗಿ ಕಾಣುತ್ತಿದ್ದ ಜಡೆ ಈಗ ಕಿರುಬೆರಳಿನ ಗಾತ್ರಕ್ಕೆ ಇಳಿಯಿತೆಂದು ಆಕೆ ಕಣ್ಣೀರು ತರುತ್ತಾಳೆ. ತವರಿನಿಂದ ಗಂಡನ ಮನೆಗೆ ಮರಳುವ ಕಾಲವೂ ಬಹುಮಟ್ಟಿಗೆ ಇದೇ ಆಗಿರುವುದರಿಂದ, ತವರಿನವರು ಬಾಣಂತನವನ್ನು ಸರಿಯಾಗಿ ಮಾಡಲಿಲ್ಲವೆಂಬ ಮಾತು ಬೀಗರ ನಡುವೆ ಹುಟ್ಟುವುದೂ ಉಂಟು. ಬಾಣಂತನ ಎಷ್ಟೇ ಚೆನ್ನಾಗಿ ನಡೆದಿದ್ದರೂ ಕೂದಲು ಉದುರಬಹುದು. ಅದರ ಕಾರಣ ಗರ್ಭಿಣಿಯಾಗಿದ್ದ ದಿನಗಳಲ್ಲಿಯೇ ಮೊದಲಾಗಿರುತ್ತದೆ.

ಮಗು ತಾಯಿಯ ಮುಖ ಗುರುತಿಸಿ ನಗಲಾರಂಭಿಸಿತೆಂದರೆ ತಾಯಿಯ ಕೂದಲು ಉದುರುತ್ತದೆ ಎಂದು ಕೆಲವು ಮನೆಗಳಲ್ಲಿ ಹಿರಿಯರು ಹೇಳುತ್ತಾರೆ. ಮೂಢನಂಬಿಕೆಯೆಂದು ನಕ್ಕುಬಿಡುವ ಮೊದಲು ಇದನ್ನು ಸ್ವಲ್ಪ ಆಲೋಚಿಸಬೇಕು. ಶಿಶುವು ಸಾಮಾನ್ಯವಾಗಿ ೬ರಿಂದ ೮ ವಾರಗಳಲ್ಲಿ ಮುಖ ನೋಡಿ ಮುಗುಳ್ನಗುತ್ತದೆ. ೩-೪ ತಿಂಗಳಿಗೆ ಕೇಕೆ ಹಾಕಿ ನಗುತ್ತದೆ. ತಾಯಿಯ ಕೂದಲು ಉದುರುವ ಕಾಲವೂ ಅದೇ. ಕಾಲವನ್ನು ಗಮನಿಸುವಲ್ಲಿ ನಮ್ಮ ಅಜ್ಜಿಯರು ತಪ್ಪಲಿಲ್ಲ. ನಗುವನ್ನೇ ಕಾರಣವೆಂದುಕೊಂಡದ್ದು ಮಾತ್ರ ಸರಿಯಲ್ಲ.

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲಿಗೂ ತನ್ನದೇ ಆದ ಆಯುಷ್ಯವುಂಟು. ಎರಡರಿಂದ ಆರು ವರ್ಷ ಅದು ಬೆಳೆಯುತ್ತದೆ; ಆಮೇಲೆ ಬೆಳವಣಿಗೆ ನಿಂತು ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿರುತ್ತದೆ; ಕೊನೆಗೆ ಉದುರಿ, ಅದೇ ಬುಡದಲ್ಲಿ ಹೊಸ ಕೂದಲು ಮೊಳೆಯುತ್ತದೆ. ಯಾವುದೇ ಒಂದು ದಿನ ಶೇಕಡಾ ೧೦ರಿಂದ ೧೫ರಷ್ಟು ಕೂದಲುಗಳು ಮಾತ್ರ ವಿಶ್ರಾಂತಿಯಲ್ಲಿರುತ್ತವೆ. ಆದಕಾರಣ ಆರೋಗ್ಯವಂತರಲ್ಲಿಯೂ ದಿನಕ್ಕೆ ೫೦ರಿಂದ ೧೦೦ ಕೂದಲು ಉದುರುವುದು ಸಹಜ. ಗರ್ಭಿಣಿಯಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಪ್ರಮಾಣ ಬಹಳವಾಗಿ ಏರುತ್ತದೆ. ಅದರ ಪ್ರಭಾವದಿಂದ, ಉದುರಬೇಕಾಗಿದ್ದ ಎಷ್ಟೋ ಕೂದಲುಗಳು ಬೆಳೆಯುವ ಸ್ಥಿತಿಯಲ್ಲಿಯೇ ಉಳಿದುಕೊಳ್ಳುತ್ತವೆ. ಗರ್ಭಿಣಿಯ ಜಡೆ ದಟ್ಟವಾಗಿ ಕಾಣುವುದು ಇದರಿಂದಲೇ. ಹೆರಿಗೆಯಾದೊಡನೆ ಹಾರ್ಮೋನು ಇಳಿದುಹೋಗುತ್ತದೆ. ಉಳಿದುಕೊಂಡಿದ್ದ ಕೂದಲುಗಳೆಲ್ಲ ಒಟ್ಟಿಗೆ ವಿಶ್ರಾಂತಿಗೆ ಇಳಿಯುತ್ತವೆ. ಮೂರು ತಿಂಗಳ ಬಳಿಕ ಒಟ್ಟಿಗೆ ಉದುರುತ್ತವೆ. ಅಂದರೆ ತಿಂಗಳುಗಟ್ಟಲೆ ಕಟ್ಟದೆ ಉಳಿಸಿಕೊಂಡ ಬಾಕಿಯನ್ನು ದೇಹವು ಒಮ್ಮೆಲೇ ತೀರಿಸುತ್ತದೆ.

ಈ ಬಗೆಯ ಉದುರುವಿಕೆಗೆ ‘ಟೆಲೋಜೆನ್ ಎಫ್ಲುವಿಯಮ್’ ಎಂಬ ಹೆಸರನ್ನಿತ್ತು ೧೯೬೧ರಲ್ಲಿ ವಿವರಿಸಿದವರು ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್. ಟೈಫಾಯ್ಡ್, ಡೆಂಗೀಯಂಥ ತೀವ್ರ ಜ್ವರಗಳ ತರುವಾಯವೂ, ದೊಡ್ಡ ಶಸ್ತ್ರಚಿಕಿತ್ಸೆಯ ತರುವಾಯವೂ ಕೂದಲು ಹೀಗೆಯೇ ಉದುರುತ್ತದೆ. ೨೦೨೦-೨೧ರಲ್ಲಿ ಕೊರೋನಾ ಬಂದುಹೋದ ಎರಡು ಮೂರು ತಿಂಗಳಿಗೆ ಅನೇಕರು ಇದನ್ನು ಅನುಭವಿಸಿದ್ದುಂಟು. ಉದುರಿದ ಕೂದಲಿನ ತುದಿಯಲ್ಲಿ ಬಿಳಿಯ ಸಣ್ಣ ಗುಂಡೊಂದು ಇರುವುದನ್ನು ಕಂಡು, ಬೇರು ಸಹಿತ ಕಿತ್ತುಬಂತು, ಇನ್ನು ಅಲ್ಲಿ ಕೂದಲು ಹುಟ್ಟದು ಎಂದು ಹೆದರುವವರಿದ್ದಾರೆ. ಆ ಗುಂಡು ಬೇರಲ್ಲ. ಕೂದಲು ವಿಶ್ರಾಂತಿಯನ್ನು ಮುಗಿಸಿ ಕಳಚಿತೆಂಬುದರ ಗುರುತು. ಅದನ್ನು ಬೆಳೆಸಿದ ಬುಡ ಚರ್ಮದೊಳಗೆ ಹಾಗೆಯೇ ಇರುತ್ತದೆ.

ಎಳೆಯ ಮಗುವಿನ ತಲೆಯ ಹಿಂಭಾಗದ ಕೂದಲು ಎರಡು ಮೂರು ತಿಂಗಳಿಗೆ ಉದುರಿ ಬೋಳಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಹಾಸಿಗೆಗೆ ತಿಕ್ಕಿ ಹೋಯಿತೆನ್ನುವುದು ವಾಡಿಕೆ. ತಿಕ್ಕುವುದೂ ಸೇರಿರಬಹುದಾದರೂ ಮುಖ್ಯ ಕಾರಣ ತಾಯಿಯದರಂತೆಯೇ: ಆ ಕೂದಲುಗಳು ಹುಟ್ಟಿನ ಹೊತ್ತಿಗೆ ಒಟ್ಟಿಗೆ ವಿಶ್ರಾಂತಿಗೆ ಇಳಿದಿರುತ್ತವೆ. ತಾಯಿ ಮಗು ಇಬ್ಬರದೂ ಒಂದೇ ಕಾಲದಲ್ಲಿ ಉದುರುವುದು ಸೋಜಿಗವೇ ಸರಿ.

ಇಷ್ಟನ್ನು ತಿಳಿದ ಮೇಲೆ ಮಾಡಬಾರದ ಮೊದಲ ಕೆಲಸವನ್ನು ಹೇಳಬೇಕು. ಮಗು ಹಾಲು ಕುಡಿದು ಕುಡಿದು ತಾಯಿ ಸೊರಗಿದಳು, ಕೂದಲೂ ಹೋಯಿತು ಎಂದು ಮೊಲೆಹಾಲನ್ನು ಬಿಡಿಸುವವರಿದ್ದಾರೆ. ಹಾಲೂಡಿಸದ ತಾಯಂದಿರಿಗೂ ಕೂದಲು ಉದುರುತ್ತದೆ. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂದೂ, ಆಮೇಲೆ ಇತರ ಆಹಾರದೊಡನೆ ಎರಡು ವರ್ಷದವರೆಗೂ ಅದನ್ನು ಮುಂದುವರಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉದುರಿದ ಕೂದಲು ಮರಳಿ ಬರುತ್ತದೆ. ಮಗುವಿಗೆ ತಪ್ಪಿದ ಹಾಲು ಮರಳಿ ಬರಲಾರದು.

ಇನ್ನೊಂದು ಎಚ್ಚರಿಕೆಯನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಉದುರಿದ ಉದ್ದನೆಯ ಕೂದಲು ಕೆಲವೊಮ್ಮೆ ಮಗುವಿನ ಕಾಲ್ಬೆರಳಿಗೋ ಕೈಬೆರಳಿಗೋ, ಗಂಡುಮಗುವಾದರೆ ಜನನಾಂಗಕ್ಕೋ ಸುತ್ತಿಕೊಂಡು ಬಿಗಿಯುತ್ತದೆ. ಒದ್ದೆಯಾದ ಕೂದಲು ಹಿಗ್ಗಿ, ಒಣಗುವಾಗ ಕುಗ್ಗಿ, ದಾರದಂತೆ ಚರ್ಮದೊಳಕ್ಕೆ ಇಳಿಯುವುದುಂಟು. ರಕ್ತಸಂಚಾರ ನಿಂತು ಬೆರಳು ಊದಿಕೊಂಡು ಕೆಂಪಾಗಿ, ಆಮೇಲೆ ನೀಲಿಯಾಗುತ್ತದೆ. ಹೆಚ್ಚು ಹೊತ್ತಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಹಾಲು ಕೊಟ್ಟರೂ, ಎತ್ತಿಕೊಂಡರೂ ಮಗುವಿನ ಅಳು ನಿಲ್ಲದಿದ್ದರೆ ದೃಷ್ಟಿಯಾಯಿತೆಂದು ನೀವಳಿಸುವ ಮೊದಲು ಕುಲಾವಿ, ಕಾಲುಚೀಲಗಳನ್ನು ತೆಗೆದು ಬೆರಳುಗಳನ್ನು ಒಂದೊಂದಾಗಿ ಬೆಳಕಿನಲ್ಲಿ ನೋಡಬೇಕು. ಸುತ್ತಿದ ಕೂದಲು ಸುಲಭವಾಗಿ ಬಿಚ್ಚಿ ಬಂದರೆ ಸರಿ. ಬಾರದಿದ್ದರೆ ಬ್ಲೇಡಿನಿಂದ ಕತ್ತರಿಸಲು ಹೋಗದೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಾಯಿಯು ಹಾಲೂಡಿಸುವಾಗ ಕೂದಲನ್ನು ಕಟ್ಟಿಕೊಳ್ಳುವುದು, ಮಗುವಿನ ಕಾಲುಚೀಲಗಳನ್ನು ತೊಡಿಸುವ ಮೊದಲು ಒಳಗು ಹೊರಗು ಮಾಡಿ ಕೊಡವುವುದು ಒಳ್ಳೆಯ ರೂಢಿ.

ಎಣ್ಣೆಯ ವಿಷಯ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದರಿಂದ ಕೂದಲು ಸಿಕ್ಕಾಗದೆ ಮೆದುವಾಗಿರುತ್ತದೆ, ಉದುರುವುದು ನಿಲ್ಲದು. ಹೆಚ್ಚಿನ ಬೆಲೆಯ ತೈಲಗಳಿಂದಲೂ ನಿಲ್ಲದು. ಅವುಗಳನ್ನು ಹಚ್ಚಿದ ಎರಡು ಮೂರು ತಿಂಗಳಿಗೆ ಉದುರುವುದು ತಾನಾಗಿಯೇ ನಿಲ್ಲುವುದರಿಂದ ಕೀರ್ತಿ ತೈಲಕ್ಕೆ ಸಲ್ಲುತ್ತದೆ! ತಲೆ ತೊಳೆದರೆ ಕೂದಲು ಹೋಗುತ್ತದೆಂದು ವಾರಗಟ್ಟಲೆ ತೊಳೆಯದಿರುವುದೂ ವ್ಯರ್ಥ; ಹೇಗೂ ಉದುರಲಿರುವುದು ಒಂದೇ ದಿನ ಗಂಟಾಗಿ ಬಂದು ಇನ್ನಷ್ಟು ಗಾಬರಿಯಾಗುತ್ತದೆ. ತೆಳ್ಳಗಾದ ಜಡೆಗೆ ಚವರಿ ಸೇರಿಸಿ ಬಿಗಿಯಾಗಿ ಹೆಣೆಯುವುದರಿಂದ ಮಾತ್ರ ಹಣೆಯ ಅಂಚಿನ ಕೂದಲಿಗೆ ನಿಜವಾದ ಹಾನಿಯುಂಟು. ಕೆಲವು ತಿಂಗಳು ಸಡಿಲವಾದ ಗಂಟು ಸಾಕು. ಕೂದಲು ಬೆಳೆಸುವ ಮಿನಾಕ್ಸಿಡಿಲ್ ಎಂಬ ಔಷಧಿಯನ್ನು ಹಾಲೂಡಿಸುವ ತಾಯಿ ವೈದ್ಯರನ್ನು ಕೇಳದೆ ಬಳಸಕೂಡದು.

ಆದರೆ ಎಲ್ಲವನ್ನೂ ಹೆರಿಗೆಯ ಲೆಕ್ಕಕ್ಕೆ ಬರೆದು ಸುಮ್ಮನಿರುವುದೂ ಸಲ್ಲದು. ನಮ್ಮ ದೇಶದಲ್ಲಿ ರಕ್ತಹೀನತೆ ಎಷ್ಟು ವ್ಯಾಪಕವೆಂದರೆ, ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವರ್ಷದ ಮಹಿಳೆಯರಲ್ಲಿ ಶೇಕಡಾ ೫೭ ಮಂದಿಗೆ ಅದು ಕಂಡುಬಂದಿತು. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ತಾಯಿಗೆ, ಬಾಣಂತಿಗೆ ನಂಜೆಂದು ಸೊಪ್ಪು ಕೊಡದೆ, ಶೀತವೆಂದು ಹಣ್ಣು ಕೊಡದೆ, ಹೊಟ್ಟೆ ಬರುತ್ತದೆಂದು ನೀರನ್ನೂ ಅಳೆದು ಕೊಟ್ಟು, ಬರಿಯ ಬಿಳಿ ಅನ್ನ ಮೆಣಸಿನ ಸಾರಿನಲ್ಲಿ ಮೂರು ತಿಂಗಳು ಕಳೆಯಿಸಿದರೆ ಕೂದಲು ಮಾತ್ರವಲ್ಲ, ದೇಹವೇ ಕುಸಿಯುತ್ತದೆ. ಬರಿಯ ಬಿಳಿ ಅನ್ನದಿಂದ ತಾಯಿಯ ಹಾಲಿನಲ್ಲಿ ಬಿ-೧ ಜೀವಸತ್ವವೂ ಕಡಿಮೆಯಾಗಿ ಮಗುವಿಗೆ ಅಪಾಯವಾಗಬಹುದು. ಬೆಚ್ಚಗಿನ ಕೋಣೆ, ಎಣ್ಣೆನೀರು, ವಿಶ್ರಾಂತಿ ಇವನ್ನೆಲ್ಲ ಉಳಿಸಿಕೊಳ್ಳೋಣ. ಈ ಪಥ್ಯವನ್ನು ಬಿಡಬೇಕು. ನಮ್ಮ ಹಿರಿಯರೇ ಬಾಣಂತಿಗೆ ಅಂಟಿನುಂಡಿಯನ್ನೂ, ಅಳವಿಯ ಪಾಯಸವನ್ನೂ, ಸಬ್ಬಸಿಗೆ ಮೆಂತ್ಯದ ಪಲ್ಯವನ್ನೂ ಗೊತ್ತುಮಾಡಿದ್ದರು. ಅಳವಿ ಬೀಜದಲ್ಲಿ ಕಬ್ಬಿಣಾಂಶ ಹೇರಳವಾಗಿದೆ. ಅವುಗಳೊಡನೆ ಸಜ್ಜೆಯ ರೊಟ್ಟಿ, ಮೊಳಕೆಯ ಹೆಸರುಕಾಳು, ಶೇಂಗಾ, ಗುರೆಳ್ಳಿನ ಹಿಂಡಿ, ನುಗ್ಗೆಸೊಪ್ಪು, ಹಾಲು ಮೊಸರು ಇರಲಿ. ಸಸ್ಯಾಹಾರದ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಊಟದ ಮೇಲೆ ನಿಂಬೆಯ ರಸ ಹಿಂಡಿದರೆ ಚೆನ್ನಾಗಿ ಹೀರುತ್ತದೆ, ಊಟದೊಡನೆ ಚಹಾ ಕುಡಿದರೆ ಅಡ್ಡಿಯಾಗುತ್ತದೆ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕಬ್ಬಿಣಾಂಶ ಮತ್ತು ಫಾಲಿಕ್ ಆಮ್ಲದ ಗುಳಿಗೆಗಳನ್ನು ಹೆರಿಗೆಯ ನಂತರವೂ ೧೮೦ ದಿನ ಸೇವಿಸಬೇಕೆಂಬುದು ೨೦೧೮ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದ ನಿಯಮ. ಮನೆಗೆ ತಂದ ಗುಳಿಗೆ ಡಬ್ಬಿಯಲ್ಲಿಯೇ ಉಳಿಯುವುದು ನಮ್ಮಲ್ಲಿ ಹೆಚ್ಚು.

ಥೈರಾಯ್ಡ್ ಗ್ರಂಥಿಯ ತೊಂದರೆಯೂ ಹೆರಿಗೆಯ ಬಳಿಕ ಮೊದಲ ವರ್ಷದಲ್ಲಿ ಕಾಣಿಸಿಕೊಳ್ಳುವುದುಂಟು. ಅತಿಯಾದ ಸುಸ್ತು, ಎದೆ ಡವಗುಟ್ಟುವುದು ಅಥವಾ ಚಳಿ ತಾಳದಿರುವುದು, ಕುತ್ತಿಗೆ ಊದುವುದು ಇವುಗಳೊಡನೆ ಕೂದಲೂ ಉದುರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಕೂದಲಿಗೆಂದು ಬಯೋಟಿನ್ ಗುಳಿಗೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಿರಿ. ಅದರಿಂದ ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರುವ ಸಂಭವವಿದೆ. ಕೂದಲು ಅಲ್ಲಲ್ಲಿ ಬಿಲ್ಲೆಯಂತೆ ಹೋದರೆ, ನೆತ್ತಿಯಲ್ಲಿ ತುರಿಕೆ ಅಥವಾ ಹುಣ್ಣಾದರೆ, ಮಗುವಿಗೆ ವರ್ಷ ತುಂಬಿದರೂ ಉದುರುವುದು ನಿಲ್ಲದಿದ್ದರೆ ಚರ್ಮತಜ್ಞರನ್ನು ಕಾಣಬೇಕು.

ನಿದ್ದೆಗೆಟ್ಟು, ಮೈ ಹಣ್ಣಾಗಿ, ಕನ್ನಡಿಯಲ್ಲಿ ತನ್ನ ಗುರುತು ತನಗೇ ಸಿಗದಂತಾದ ತಾಯಿಯ ಎದುರು, ಬಂದವರೆಲ್ಲ “ಏನವ್ವಾ, ತಲೆ ಹೀಗಾಯಿತು” ಎನ್ನುವುದು ಸಲ್ಲದು. ಆಕೆ ಎರಡು ವಾರಕ್ಕೂ ಮೀರಿ ಅಳುತ್ತಿದ್ದರೆ, ಮಗುವಿನ ಮೇಲೂ ಮನಸ್ಸಿಲ್ಲದಿದ್ದರೆ, ಅದನ್ನು ಕೂದಲಿನ ದುಃಖವೆಂದು ತಳ್ಳಿಹಾಕದೆ ವೈದ್ಯರಿಗೆ ಹೇಳಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ ೧೪೪೧೬ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಉದುರುವುದು ನಾಲ್ಕನೆಯ ಐದನೆಯ ತಿಂಗಳಲ್ಲಿ ಅತಿಯಾಗಿದ್ದು ಕ್ರಮೇಣ ಇಳಿಯುತ್ತದೆ. ಆ ವೇಳೆಗೆ ಹಣೆಯ ಅಂಚಿನಲ್ಲಿ, ಎಷ್ಟು ಬಾಚಿದರೂ ನಿಲುಕದೆ ನೆಟ್ಟಗೆ ನಿಲ್ಲುವ ಗಿಡ್ಡ ಕೂದಲುಗಳು ಕಾಣಿಸುತ್ತವೆ. ಅವು ತುಂಡಾದವುಗಳಲ್ಲ, ಹೊಸದಾಗಿ ಹುಟ್ಟಿದವು. ಅವುಗಳನ್ನು ಎಣ್ಣೆ ಹಚ್ಚಿ ಬಲವಾಗಿ ಎಳೆದು ಕಟ್ಟಬಾರದು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಆದುದರಿಂದ ಉದುರುವುದು ಪೂರ್ತಿ ನಿಂತ ಮೇಲೂ ಜಡೆಯ ತುದಿ ಕೆಲವು ವರ್ಷ ತೆಳ್ಳಗೇ ಇರುತ್ತದೆ. ಭುಜದವರೆಗೆ ಕತ್ತರಿಸಿಕೊಂಡರೆ ಹೊಸದೂ ಹಳೆಯದೂ ಬೇಗ ಸಮವಾಗುತ್ತವೆ. ಉದ್ದನೆಯ ಜಡೆಯೇ ಬೇಕೆನ್ನುವವರು ಅಷ್ಟು ಕಾಲ ಕಾಯಬೇಕು.