ಬಿಳಿ ಸೆರಗು: ನಾಚಿಕೆ ಬೇಡ, ಎಚ್ಚರ ಇರಲಿ



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಕಂತು ಎಲ್ಲವನ್ನೂ ಬಾಯಿಬಿಟ್ಟು ಮಾತಾಡುತ್ತೇವೆ. ಬಿಳಿ ಸೆರಗಿನ ವಿಷಯ ಬಂದರೆ ಮಾತ್ರ ತಲೆ ತಗ್ಗಿಸುತ್ತೇವೆ. ಒಮ್ಮೆ ಸಭೆ ಮುಗಿದ ಮೇಲೆ ಒಬ್ಬ ಸದಸ್ಯೆ ಹತ್ತಿರ ಬಂದು, "ಸಿಸ್ಟರ್, ಇದು ಮೂಳೆ ಕರಗಿ ಹೋಗೋದಂತೆ, ಹೌದಾ?" ಎಂದು ಮೆಲ್ಲಗೆ ಕೇಳಿದರು. ಆರು ತಿಂಗಳಿಂದ ತುರಿಕೆ ಸಹಿಸಿಕೊಂಡು, ಯಾರಿಗೂ ಹೇಳದೆ ಇದ್ದರು.

ಮೂಳೆ ಕರಗುವುದಿಲ್ಲ. ಯೋನಿಯು ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳಲು ಸ್ವಲ್ಪ ದ್ರವ ಬಿಡುತ್ತದೆ. ಕೆಟ್ಟ ವಾಸನೆ, ತುರಿಕೆ, ಉರಿ ಇಲ್ಲದಿದ್ದರೆ ಅದು ಸಹಜ. ಎರಡು ಮುಟ್ಟಿನ ನಡುವೆ ಮೊಟ್ಟೆಯ ಲೋಳೆಯಂತೆ ಬರಬಹುದು. ಬಸುರಿಯಲ್ಲಿ ಹೆಚ್ಚಾಗಬಹುದು.

ರೋಗದ ಗುರುತುಗಳು:
- ಒಡೆದ ಮೊಸರಿನಂತೆ ಗಟ್ಟಿ, ವಿಪರೀತ ತುರಿಕೆ: ಫಂಗಸ್ ಸೋಂಕು ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಮತ್ತೆ ಮತ್ತೆ ಬರುತ್ತದೆ.
- ಬೂದು ಬಣ್ಣ, ಮೀನಿನ ವಾಸನೆ: ಬ್ಯಾಕ್ಟೀರಿಯಾ ಹೆಚ್ಚಾಗಿರಬಹುದು.
- ಹಳದಿ-ಹಸಿರು, ನೊರೆ: ಲೈಂಗಿಕ ಸಂಪರ್ಕದಿಂದ ಬರುವ ಸೋಂಕು ಇರಬಹುದು. ಆಗ ಗಂಡ ಹೆಂಡತಿ ಇಬ್ಬರೂ ಔಷಧಿ ತೆಗೆದುಕೊಳ್ಳಬೇಕು. ಒಬ್ಬರೇ ತಗೊಂಡ್ರೆ ರೋಗ ತಿರುಗಿ ಬರುತ್ತದೆ.

ನಾವು ಮನೆಯಲ್ಲಿ ಮಾಡಬೇಕಾದದ್ದು:
- ಹೊರಭಾಗವನ್ನು ಮಾತ್ರ ಬರೀ ನೀರಿನಿಂದ ತೊಳೆಯಿರಿ. ಒಳಗೆ ಸೋಪು, ಡೆಟಾಲ್ ಹಾಕಬೇಡಿ. ಮೊಸರಿನಲ್ಲಿರುವಂಥ ಒಳ್ಳೆಯ ಕ್ರಿಮಿಗಳು ಅಲ್ಲಿ ನಮ್ಮನ್ನು ಕಾಯುತ್ತವೆ. ಅವು ಸತ್ತರೆ ಸೋಂಕು ಹೆಚ್ಚುತ್ತದೆ.
- ಕಕ್ಕಸಿಗೆ ಹೋದಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ.
- ಹತ್ತಿಯ ಒಳಬಟ್ಟೆ ಹಾಕಿ. ಮುಟ್ಟಿನ ಬಟ್ಟೆಯನ್ನು ಸೀರೆಯಡಿ ಬಚ್ಚಿಡದೆ ಬಿಸಿಲಲ್ಲಿ ಒಣಗಿಸಿ.
- ಔಷಧಿ ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಬೇಡಿ.

ಈ ಲಕ್ಷಣ ಇದ್ದರೆ ಕಾಯಬೇಡಿ: ಜ್ವರದ ಜೊತೆ ಕಿಬ್ಬೊಟ್ಟೆ ನೋವು, ಬಸುರಿಯಲ್ಲಿ ಕೆಟ್ಟ ವಾಸನೆಯ ಸ್ರಾವ, ಸಂಪರ್ಕದ ನಂತರ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ. ಕೊನೆಯ ಎರಡನ್ನು "ಉಷ್ಣ" ಅಂತ ಬಿಟ್ಟುಬಿಡಬೇಡಿ, ಕ್ಯಾನ್ಸರಿನ ಸೂಚನೆಯೂ ಇರಬಹುದು. 2016ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ 30ರಿಂದ 65 ವರ್ಷದವರು 5 ವರ್ಷಕ್ಕೊಮ್ಮೆ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆಲವೇ ನಿಮಿಷದ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ.

ಆ ಸದಸ್ಯೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಕ್ಕರೆ ಕಾಯಿಲೆ ಇರುವುದು ಅಂದೇ ಗೊತ್ತಾಯಿತು. ಬಾಯಿಬಿಟ್ಟು ಕೇಳಿದ್ದರಿಂದ ಎರಡಕ್ಕೂ ಚಿಕಿತ್ಸೆ ಸಿಕ್ಕಿತು.

ಮುಂದಿನ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ. ಓದು ಬಾರದ ಅಕ್ಕಂದಿರಿಗೂ ತಿಳಿಯಲಿ.