ಶಿಖರವೂ ಹೌದು, ಸೆಲೆಯೂ ಹೌದು

(ಆಗಸ್ಟ್ 6 – ಪ್ರಭುವಿನ ರೂಪಾಂತರದ ಹಬ್ಬ)



ಪ್ರಭುವಿನ ರೂಪಾಂತರದ ಹಬ್ಬದಂದು ಶುಭಸಂದೇಶವು ನಮ್ಮನ್ನು ಎತ್ತರದ ಬೆಟ್ಟವೊಂದಕ್ಕೆ ಕರೆದೊಯ್ಯುತ್ತದೆ. ಅದು ಗಲಿಲೇಯದ ತಾಬೋರ್ ಬೆಟ್ಟವೆಂಬುದು ಪರಂಪರೆಯ ಮಾತು; ಶುಭಸಂದೇಶಕರ್ತರು ಹೆಸರು ಹೇಳಿಲ್ಲ. ಬೆಟ್ಟದ ತುದಿಯಲ್ಲಿ ಪೇತ್ರ, ಯಕೋಬ, ಯೊವಾನ್ನರು ಪ್ರಭುವಿನ ಮಹಿಮೆಯನ್ನು ಕಂಡರು.

ತುದಿ ಎಂಬುದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಮಾತುಗಳಿವೆ! ಗುಡ್ಡಕ್ಕೆ ನೆತ್ತಿ, ಗಿಡಕ್ಕೆ ಕುಡಿ, ಗುಡಿಗೆ ಕಳಸ, ಪರ್ವತಕ್ಕೆ ಶಿಖರ. ಗದುಗಿನ ತ್ರಿಕೂಟೇಶ್ವರ ದೇವಾಲಯದ ಹೆಸರಿನಲ್ಲೂ ಅಂಥದೊಂದು ಮಾತಿದೆ. ಸಂಸ್ಕೃತದಲ್ಲಿ ‘ಕೂಟ’ ಎಂದರೆ ಶಿಖರ. ನಮ್ಮ ಆಡುಮಾತಿನಲ್ಲಿ ಕೂಟ ಎಂದರೆ ಜನ ಸೇರುವುದು. ಇನ್ನು ‘ತುದಿ’ ಎಂದರೆ ಮೇಲ್ಭಾಗವೂ ಹೌದು, ಕೊನೆಯೂ ಹೌದು. ತುದಿ ಮುಟ್ಟಿದ ಮೇಲೆ ಮುಂದೆ ದಾರಿಯಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯೂ ಇಂಥದೊಂದು ಮಾತನ್ನು ಬಳಸಿತು. ದೈವಾರಾಧನೆಯನ್ನು ಕುರಿತು 1963ರಲ್ಲಿ ಹೊರಡಿಸಿದ ದಾಖಲೆಯಲ್ಲಿ, ಆರಾಧನೆಯು ಧರ್ಮಸಭೆಯ ಕಾರ್ಯಗಳಿಗೆಲ್ಲ ‘ಕುಲ್ಮೆನ್’ ಎಂದಿತು. ಈ ಲತೀನ್ ಪದಕ್ಕೆ ಮಾಡಿನ ನೆತ್ತಿ, ಶಿಖರ ಎಂದರ್ಥ. ಆದರೆ ಅಷ್ಟಕ್ಕೇ ನಿಲ್ಲಿಸದೆ, ಅದು ಧರ್ಮಸಭೆಯ ಶಕ್ತಿಯೆಲ್ಲ ಹರಿದು ಬರುವ ಸೆಲೆಯೂ ಹೌದು ಎಂದು ಸೇರಿಸಿತು. 1964ರಲ್ಲಿ ಪರಮಪ್ರಸಾದದ ಬಲಿಯನ್ನು ಕುರಿತೂ ಇದೇ ಜೋಡಿ ಮಾತನ್ನು ಹೇಳಿತು.

ಶಿಖರವು ಸೆಲೆಯಾಗುವುದು ಹೇಗೆ? ಗದಗ ಜಿಲ್ಲೆಯವರಿಗೆ ಕಪ್ಪತಗುಡ್ಡವೇ ಇದನ್ನು ತಿಳಿಸಿಕೊಡುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡಸಾಲು ತುಂಗಭದ್ರೆಯ ಕಡೆಗೆ ಚಾಚಿಕೊಂಡಿದೆ. ಔಷಧಿ ಗಿಡಗಳಿಗೆ ಹೆಸರಾದ ಈ ಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಲು ಜನ ಹೋರಾಡಿದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ನೆತ್ತಿಯ ಮೇಲೆ ಬಿದ್ದ ಮಳೆ ಅಲ್ಲಿಯೇ ನಿಲ್ಲುವುದಿಲ್ಲ. ಹಳ್ಳವಾಗಿ ಇಳಿದು ಕೆರೆ ಬಾವಿಗಳನ್ನು ಸೇರುತ್ತದೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ಕೆಳಗಿನ ಊರಿಗೆ ಗುಡ್ಡದಿಂದಾಗುವ ಉಪಕಾರ ಇದೇ.

ಪೇತ್ರನಿಗೆ ಕೆಳಗಿಳಿಯುವ ಮನಸ್ಸಿರಲಿಲ್ಲ. ಅಲ್ಲಿಯೇ ಮೂರು ಗುಡಾರ ಹಾಕೋಣವೆಂದ. ಪ್ರಭು ಅವರನ್ನು ಇಳಿಸಿಕೊಂಡು ಬಂದರು. ಬೆಟ್ಟದ ಬುಡದಲ್ಲಿ ಬೇನೆಯ ಮಗನೊಂದಿಗೆ ಒಬ್ಬ ತಂದೆ ಕಾದಿದ್ದ. ಉಳಿದ ಶಿಷ್ಯರಿಂದ ಆ ಹುಡುಗನನ್ನು ಗುಣಪಡಿಸಲಾಗಿರಲಿಲ್ಲ. ಮಹಿಮೆಯಲ್ಲಿ ಬೆಳಗಿದ ಪ್ರಭುವೇ ಆ ತಂದೆಯ ಮೊರೆ ಕೇಳಿದರು, ಮಗನನ್ನು ಗುಣಪಡಿಸಿದರು.

ನಾವೂ ಎಷ್ಟೋ ಸಲ ಬಲಿಪೂಜೆಯನ್ನು ಕೇವಲ ತುದಿಯಾಗಿ ಮಾಡಿಕೊಳ್ಳುತ್ತೇವೆ. ಪೂಜೆ ಮುಗಿಯಿತು, ಎಲ್ಲವೂ ಮುಗಿಯಿತು ಎಂದುಕೊಳ್ಳುತ್ತೇವೆ. ಪೂಜೆಗೆ ಲತೀನ್ ಭಾಷೆಯಲ್ಲಿರುವ ‘ಮಿಸ್ಸಾ’ ಎಂಬ ಹೆಸರು ಬಂದದ್ದಾದರೂ ಕೊನೆಗೆ ಜನರನ್ನು ಕಳುಹಿಸಿಕೊಡುವ ಮಾತಿನಿಂದ. ಈ ಹಬ್ಬ ಬರುವುದು ಹೆಸರುಕಾಯಿ ಬಿಡಿಸುವ ದಿನಗಳ ಆಸುಪಾಸಿನಲ್ಲಿ. ಹೊಲದಲ್ಲಿ ಬಾಗಿ ದುಡಿದ ಹೆಣ್ಣುಮಗಳ ಕೂಲಿಯನ್ನು ನಾಳೆ, ನಾಡಿದ್ದು ಎಂದು ಮುಂದೂಡಿ, ಭಾನುವಾರ ಪರಮಪ್ರಸಾದಕ್ಕೆ ಕೈಚಾಚಿದರೆ ನಮ್ಮ ಗುಡ್ಡದಿಂದ ನೀರು ಇಳಿದಿಲ್ಲವೆಂದೇ ಅರ್ಥ. ಅಣ್ಣತಮ್ಮಂದಿರು ಒಂದೇ ಪೀಠದ ಮುಂದೆ ನಿಂತು, ಹೊರಗೆ ಬಂದ ಮೇಲೆ ಮಾತು ಬಿಟ್ಟರೆ ನಮ್ಮದು ಕೂಟವೂ ಅಲ್ಲ, ಶಿಖರವೂ ಅಲ್ಲ.

ಆದ್ದರಿಂದ ಈ ಹಬ್ಬದಂದು ಮನೆಗೆ ಮರಳುವಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಬುಡದಲ್ಲಿ ನಮಗಾಗಿ ಯಾರು ಕಾದಿದ್ದಾರೆ? ಕೂಲಿ ಬರಬೇಕಾದವರೇ? ಹಾಸಿಗೆ ಹಿಡಿದ ನೆರೆಯವರೇ? ಮುನಿದ ತಮ್ಮನೇ? ಸಂಜೆಯೊಳಗೆ ಅವರಲ್ಲಿ ಒಬ್ಬರ ಬಾಗಿಲಿಗಾದರೂ ಹೋಗೋಣ. ಬೆಟ್ಟ ಹತ್ತಿಸಿದ ಪ್ರಭುವೇ ನಮ್ಮೊಡನೆ ಇಳಿದು ಬರಲೆಂದು ಪ್ರಾರ್ಥಿಸೋಣ.